ದಾರದ ಅಳತೆ, ಗಡಿಯಾರದ ಅಳತೆ

ಬೆಂಗಳೂರಿನ ವಿಮಾನ ನಿಲ್ದಾಣಕ್ಕೂ ಅಮೆರಿಕದ ಪಶ್ಚಿಮ ತೀರದಲ್ಲಿರುವ ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣಕ್ಕೂ ನಡುವೆ ಎಷ್ಟು ದೂರ? ಈ ಪ್ರಶ್ನೆಯನ್ನು ಇಂದು ಯಾವ ವಿದ್ಯಾರ್ಥಿಯೂ ಅಧ್ಯಾಪಕರನ್ನು ಕೇಳುವುದಿಲ್ಲ. ಅಂಗೈಯಲ್ಲಿರುವ ಯಂತ್ರವನ್ನು ಕೇಳುತ್ತಾನೆ. ಅದು ಕ್ಷಣಾರ್ಧದಲ್ಲಿ ಉತ್ತರ ಕೊಡುತ್ತದೆ: ಸುಮಾರು 14,000 ಕಿಲೋಮೀಟರು, ಎಲ್ಲಿಯೂ ಇಳಿಯದೆ ಹಾರಿದರೆ 16ರಿಂದ 18 ಗಂಟೆ. ನಮ್ಮ ನಾಡಿನ ಎಷ್ಟೋ ಮನೆಗಳ ಮಕ್ಕಳೂ ಮೊಮ್ಮಕ್ಕಳೂ ಆ ನಗರದ ಸುತ್ತಣ ಊರುಗಳಲ್ಲಿ ನೆಲೆಸಿರುವುದರಿಂದ ಈ ಎರಡು ಅಂಕಿಗಳು ಕನ್ನಡಿಗರ ಮಾತುಕತೆಯಲ್ಲಿ ಆಗಾಗ ಕೇಳಿಬರುವುದುಂಟು. ಕೇಳಿದವನಿಗೂ ತೃಪ್ತಿ, ಹೇಳಿದವನಿಗೂ ತೃಪ್ತಿ.

ಆದರೆ ಆ ಎರಡು ಅಂಕಿಗಳು ಒಂದೇ ಜಾತಿಯವಲ್ಲ. ಮೊದಲನೆಯದು ಭೂಮಿಗೆ ಸೇರಿದ್ದು. ಎರಡನೆಯದು ಗಾಳಿಗೆ, ಇಂಧನಕ್ಕೆ, ಯಂತ್ರಕ್ಕೆ, ದೇಶದೇಶಗಳ ಸ್ನೇಹ ವೈರಗಳಿಗೆ ಸೇರಿದ್ದು. ಮೊದಲನೆಯದನ್ನು ಕುಳಿತಲ್ಲಿಯೇ ದಾರ ಹಿಡಿದು ಅಳೆಯಬಹುದು. ಎರಡನೆಯದನ್ನು ಹಾಗೆ ಅಳೆಯಲಾಗದು. ಒಂದರಿಂದ ಇನ್ನೊಂದು ಭಾಗಾಕಾರ ಮಾಡಿದಷ್ಟು ಸುಲಭವಾಗಿ ಬರುತ್ತದೆಂದು ನಂಬಿ ಪ್ರೌಢಶಾಲೆಯನ್ನು ದಾಟುವ ಹುಡುಗನಿಗೆ ನಾವು ಭೂಗೋಳವನ್ನೂ ಕಲಿಸಿಲ್ಲ, ಗಣಿತವನ್ನೂ ಕಲಿಸಿಲ್ಲ ಎಂಬುದು ನನ್ನ ಅಭಿಪ್ರಾಯ. ಇದು ತುಸು ಕಠಿಣವಾದ ಮಾತೆಂದು ತೋರಬಹುದು. ಆದರೂ ಈ ಮಾತಿಗೆ ಆಧಾರವುಂಟು.

ತಪ್ಪು ಆರಂಭವಾಗುವುದು ತರಗತಿಯ ಗೋಡೆಯಲ್ಲಿ. ಅಲ್ಲಿ ತೂಗುಹಾಕಿದ ಪ್ರಪಂಚದ ಭೂಪಟವು ಅನೇಕ ವೇಳೆ ಮರ್ಕೇಟರ್ ಎಂಬಾತನು 1569ರಲ್ಲಿ ರೂಪಿಸಿದ ವಿಧಾನದ ಪಟ, ಇಲ್ಲವೆ ಅದರ ಹತ್ತಿರದ ಸಂಬಂಧಿ. ಆ ಪಟವನ್ನು ಆತ ಮಾಡಿದ್ದು ನಾವಿಕರಿಗಾಗಿ. ಅದರ ಮೇಲೆ ಎಳೆದ ನೇರ ಗೆರೆಯನ್ನು ಅನುಸರಿಸುವ ಹಡಗು ದಿಕ್ಸೂಚಿಯ ಮುಳ್ಳಿಗೆ ಸದಾ ಒಂದೇ ಕೋನದಲ್ಲಿ ಸಾಗಿದರೆ ಸಾಕು, ಗುರಿ ಸೇರುತ್ತದೆ. ಇದು ಬಹು ದೊಡ್ಡ ಗುಣ. ಆದರೆ ಈ ಗುಣವನ್ನು ಪಡೆಯಲು ಪಟವು ಉಳಿದೆಲ್ಲವನ್ನೂ ಬಲಿಕೊಟ್ಟಿದೆ. ಧ್ರುವಗಳ ಕಡೆಗೆ ಹೋದಂತೆಲ್ಲ ನೆಲವನ್ನು ಹಿಗ್ಗಿಸುತ್ತ ಹೋಗುತ್ತದೆ. ಗ್ರೀನ್‌ಲೆಂಡು ಆ ಪಟದಲ್ಲಿ ಆಫ್ರಿಕ ಖಂಡದಷ್ಟು ದೊಡ್ಡದಾಗಿ ಕಾಣುತ್ತದೆ. ನಿಜದಲ್ಲಿ ಆಫ್ರಿಕವು ಅದರ 14ರಷ್ಟು ದೊಡ್ಡದು. ಉತ್ತರ ಧ್ರುವವಂತೂ ಆ ಪಟದಲ್ಲಿ ಇಲ್ಲವೇ ಇಲ್ಲ. ಎಷ್ಟು ಎತ್ತರದ ಕಾಗದ ತಂದರೂ ಅದು ಸಿಕ್ಕುವುದಿಲ್ಲ.

ಈ ಪಟದ ಮೇಲೆ ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋವಿಗೂ ಅಡಿಕೋಲನ್ನಿಟ್ಟು ಪೂರ್ವದ ಕಡೆಗೆ ಗೆರೆ ಎಳೆದರೆ ಅದು ಬಂಗಾಳ ಕೊಲ್ಲಿಯನ್ನು ದಾಟಿ, ಮ್ಯಾನ್ಮಾರ್ ದೇಶವನ್ನು ಹಾಯ್ದು, ಹವಾಯಿ ದ್ವೀಪಗಳಿಗೆ ಉತ್ತರವಾಗಿ ಶಾಂತಸಾಗರದ ಉದ್ದಕ್ಕೂ ಸಾಗುತ್ತದೆ. ಆ ದಾರಿಯ ಉದ್ದ ಸುಮಾರು 16,100 ಕಿ.ಮೀ. ಯಂತ್ರ ಹೇಳಿದ 14,000ಕ್ಕಿಂತ ಇದು 2,100 ಕಿ.ಮೀ. ಹೆಚ್ಚು. ಅಂದರೆ ಬೆಂಗಳೂರಿನಿಂದ ದೆಹಲಿಗೆ ಹೋಗಿ, ಅಲ್ಲಿಂದಲೂ ಮುಂದೆ ಹೋದಷ್ಟು ಹೆಚ್ಚು! ನೇರವಾದ ಗೆರೆ ಉದ್ದವಾಯಿತು. ಹಾಗಾದರೆ ಗಿಡ್ಡವಾದದ್ದು ಯಾವುದು?

ಇಲ್ಲಿ ಗೋಡೆಯನ್ನು ಬಿಟ್ಟು ಮೇಜಿನ ಕಡೆಗೆ ಬರಬೇಕು. ಶಾಲೆಯ ಗ್ಲೋಬು ಸಾಮಾನ್ಯವಾಗಿ 30 ಸೆಂಟಿಮೀಟರು ವ್ಯಾಸದ್ದು. ಅದರ ಮೇಲೆ ಬೆಂಗಳೂರಿನಲ್ಲಿ ಒಂದು ಬೆರಳಿನಿಂದ ದಾರದ ತುದಿಯನ್ನು ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೋವಿಗೆ ತಂದು ಬಿಗಿಯಾಗಿ ಎಳೆಯಿರಿ. ದಾರವು ಪೂರ್ವಕ್ಕೂ ಹೋಗುವುದಿಲ್ಲ, ಪಶ್ಚಿಮಕ್ಕೂ ಹೋಗುವುದಿಲ್ಲ. ಉತ್ತರಕ್ಕೆ ಮುಖಮಾಡಿ, ಇಪ್ಪತ್ತು ಡಿಗ್ರಿಯಷ್ಟು ಮಾತ್ರ ಪೂರ್ವಕ್ಕೆ ವಾಲಿಕೊಂಡು ಹೊರಡುತ್ತದೆ. ನೇಪಾಳವನ್ನೂ ಟಿಬೆಟ್ಟನ್ನೂ ದಾಟುತ್ತದೆ; ಮಂಗೋಲಿಯದ ಪಶ್ಚಿಮ ಭಾಗವನ್ನು ಹಾಯುತ್ತದೆ; ಸೈಬೀರಿಯದ ಕಾಡುಗಳ ಮೇಲೆ ಸಾಗಿ ಕೊಲಿಮ ನದಿಯು ಹೆಪ್ಪುಗಟ್ಟಿದ ಕಡಲನ್ನು ಸೇರುವ ಪ್ರದೇಶದ ಹತ್ತಿರ 71ನೆಯ ಅಕ್ಷಾಂಶವನ್ನು ಮುಟ್ಟುತ್ತದೆ. ಅಲ್ಲಿಂದ ದಕ್ಷಿಣಕ್ಕೆ ಬಾಗಿ ಅಲಾಸ್ಕವನ್ನು ಕಳೆದು, ಕೆನಡದ ಪಶ್ಚಿಮದ ಕಡಲಿನ ಮೇಲೆ ಇಳಿದು ಗುರಿಯನ್ನು ಸೇರುತ್ತದೆ. ದಾರವನ್ನು ತೆಗೆದು ಅಳೆದರೆ 33 ಸೆಂಟಿಮೀಟರು ಬರುತ್ತದೆ. ಆ ಗ್ಲೋಬಿನ ಒಂದು ಸೆಂಟಿಮೀಟರೆಂದರೆ ನಿಜವಾದ ಭೂಮಿಯ ಸುಮಾರು 425 ಕಿ.ಮೀ. ಗುಣಿಸಿ ನೋಡಿ. ಯಂತ್ರದ ಉತ್ತರ ನಿಮ್ಮ ಕೈಯಲ್ಲಿರುತ್ತದೆ.

ಬಿಗಿಯಾಗಿ ಎಳೆದ ದಾರ ಹಿಡಿಯುವ ಈ ದಾರಿಗೆ ಮಹಾವೃತ್ತವೆಂದು ಹೆಸರು. ಭೂಮಿಯ ಕೇಂದ್ರದ ಮೂಲಕ ಹಾಯುವ ಸಮತಲವು ಭೂಮಿಯ ಮೈಯನ್ನು ಕತ್ತರಿಸಿದಾಗ ಉಂಟಾಗುವ ವೃತ್ತವಿದು. ಗೋಲದ ಮೇಲೆ ಇದಕ್ಕಿಂತ ಹತ್ತಿರದ ದಾರಿಯಿಲ್ಲ. ಪದವಿಪೂರ್ವ ತರಗತಿಯಲ್ಲಿ ತ್ರಿಕೋನಮಿತಿಯನ್ನು ಕಲಿತವರು ದಾರವಿಲ್ಲದೆಯೂ ಇದನ್ನು ಗಣಿಸಬಹುದು. ಬೆಂಗಳೂರಿನ ನಿಲ್ದಾಣವಿರುವುದು ಉತ್ತರ ಅಕ್ಷಾಂಶ 13.2, ಪೂರ್ವ ರೇಖಾಂಶ 77.7ರಲ್ಲಿ, ಇನ್ನೊಂದು ನಿಲ್ದಾಣವಿರುವುದು ಉತ್ತರ ಅಕ್ಷಾಂಶ 37.6, ಪಶ್ಚಿಮ ರೇಖಾಂಶ 122.4ರಲ್ಲಿ. ಎರಡು ರೇಖಾಂಶಗಳ ನಡುವಣ ಕಿರಿಯ ಅಂತರ 159.9 ಡಿಗ್ರಿ. ಎರಡೂ ಅಕ್ಷಾಂಶಗಳ ಸೈನುಗಳನ್ನು ಗುಣಿಸಿ; ಅವುಗಳ ಕೊಸೈನುಗಳನ್ನೂ ರೇಖಾಂಶದ ಅಂತರದ ಕೊಸೈನನ್ನೂ ಒಟ್ಟಿಗೆ ಗುಣಿಸಿ; ಎರಡು ಗುಣಲಬ್ಧಗಳನ್ನೂ ಕೂಡಿಸಿ. ಬರುವ ಮೊತ್ತ ಋಣ 0.585. ಅಷ್ಟು ಕೊಸೈನುಳ್ಳ ಕೋನ 125.8 ಡಿಗ್ರಿ. ಮಹಾವೃತ್ತದ ಒಂದು ಡಿಗ್ರಿಗೆ 111.2 ಕಿ.ಮೀ.ಯಂತೆ ದೂರವು 13,990 ಕಿ.ಮೀ. ಆಗುತ್ತದೆ. ಭೂಮಿಯು ಧ್ರುವಗಳಲ್ಲಿ ಕೊಂಚ ಚಪ್ಪಟೆಯಾಗಿರುವುದರಿಂದ ಕೆಲವು ಕಿಲೋಮೀಟರುಗಳ ವ್ಯತ್ಯಾಸ ಬಂದೀತು, ಅದಕ್ಕೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ.

ಪ್ರೌಢಶಾಲೆಯ ಮಕ್ಕಳಿಗೆ ಇದಕ್ಕಿಂತಲೂ ಸೊಗಸಾದ ಲೆಕ್ಕವೊಂದಿದೆ. 2021ರ ಜನವರಿ 9ರಂದು ರಾತ್ರಿ ಏರ್ ಇಂಡಿಯಾ ಸಂಸ್ಥೆಯ ಬೋಯಿಂಗ್ 777 ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೋವಿನಿಂದ ಹೊರಟು, ನಡುವೆ ಎಲ್ಲಿಯೂ ಇಳಿಯದೆ, 11ರ ನಸುಕಿನಲ್ಲಿ ಬೆಂಗಳೂರಿಗೆ ಬಂದಿಳಿಯಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ ಮಹಿಳೆಯರೇ ಅದನ್ನು ನಡೆಸಿದರು. ವಿಮಾನವು ಉತ್ತರ ಧ್ರುವದ ಮೇಲೆ ಹಾದುಬಂದಿತೆಂದು ಪತ್ರಿಕೆಗಳು ಸಂಭ್ರಮದಿಂದ ಬರೆದವು. ಸಂಭ್ರಮವು ಸಹಜವೇ. ಆದರೆ ಅದನ್ನೋದಿದ ಬಹುಮಂದಿ ಧ್ರುವದ ದಾರಿಯೇ ಅತ್ಯಂತ ಹತ್ತಿರದ ದಾರಿಯೆಂದು ತಿಳಿದುಕೊಂಡರು. ನಮ್ಮ ದಾರವು ಹಾಗೆ ಹೇಳುವುದಿಲ್ಲ. ಅದು ಧ್ರುವದಿಂದ ಎರಡು ಸಾವಿರ ಕಿಲೋಮೀಟರಿಗಿಂತಲೂ ಆಚೆಗೆ ಹಾದುಹೋಗುತ್ತದೆ. ಧ್ರುವದ ಮೇಲಿನ ದಾರಿಯ ಉದ್ದವನ್ನು ತಿಳಿಯಲು ಕಳೆಯುವ ಲೆಕ್ಕ ಬಂದರೆ ಸಾಕು. ಬೆಂಗಳೂರಿನಿಂದ ಧ್ರುವಕ್ಕೆ 90ರಿಂದ 13.2ನ್ನು ಕಳೆದಷ್ಟು, ಅಂದರೆ 76.8 ಡಿಗ್ರಿ, ಧ್ರುವದಿಂದ ಸ್ಯಾನ್ ಫ್ರಾನ್ಸಿಸ್ಕೋವಿಗೆ 90ರಿಂದ 37.6ನ್ನು ಕಳೆದಷ್ಟು, ಅಂದರೆ 52.4 ಡಿಗ್ರಿ, ಒಟ್ಟು 129.2. ಕಿಲೋಮೀಟರಿನಲ್ಲಿ ಸುಮಾರು 14,370. ಹತ್ತಿರದ ದಾರಿಗಿಂತ ಕೇವಲ 380 ಕಿ.ಮೀ. ಹೆಚ್ಚು. ಅರ್ಧ ಗಂಟೆಗೂ ಕಡಮೆಯಾದ ಈ ನಷ್ಟವನ್ನು ವಿಮಾನ ನಡೆಸುವವರು ಏಕೆ ಒಪ್ಪಿಕೊಳ್ಳುತ್ತಾರೆ? ಇದಕ್ಕೆ ಉತ್ತರ ಗ್ಲೋಬಿನ ಮೇಲಿಲ್ಲ, ಅದರ ಸುತ್ತಣ ಗಾಳಿಯಲ್ಲಿದೆ.

ಗಾಳಿಯ ಮಹಿಮೆಯನ್ನು ತೋರಿಸಲು ನಮ್ಮ ದೇಶದ್ದೇ ಆದ ಇನ್ನೊಂದು ಉದಾಹರಣೆಯುಂಟು. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಅದರಲ್ಲಿದೆ. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋವಿಗೆ ಹೋಗುತ್ತಿದ್ದ ಏರ್ ಇಂಡಿಯಾ ವಿಮಾನವು ಮೊದಲು ಅಟ್ಲಾಂಟಿಕ್ ಸಾಗರದ ಕಡೆಯಿಂದ ಹೋಗುತ್ತಿತ್ತು. ಆ ದಾರಿಯ ಉದ್ದ ಸುಮಾರು 13,900 ಕಿ.ಮೀ. 2016ರ ಅಕ್ಟೋಬರಿನಲ್ಲಿ ಅದನ್ನು ಶಾಂತಸಾಗರದ ಕಡೆಗೆ ತಿರುಗಿಸಿದರು. ಹೊಸ ದಾರಿ ಸುಮಾರು 15,300 ಕಿ.ಮೀ.; ಹಳೆಯದಕ್ಕಿಂತ 1,400 ಕಿ.ಮೀ. ದೂರ. ಆದರೂ ವಿಮಾನವು ಸುಮಾರು ಎರಡು ಗಂಟೆ ಮೊದಲೇ, ಹದಿನಾಲ್ಕೂವರೆ ಗಂಟೆಯಲ್ಲಿ, ಗುರಿ ಮುಟ್ಟಿತು. ದೂರ ಹೆಚ್ಚಿತು, ಕಾಲ ತಗ್ಗಿತು! ವೇಗವೆಂದರೆ ದೂರವನ್ನು ಕಾಲದಿಂದ ಭಾಗಿಸಿದ್ದೆಂದು ಉರುಹೊಡೆದ ವಿದ್ಯಾರ್ಥಿ ಇಲ್ಲಿ ತಬ್ಬಿಬ್ಬಾಗುತ್ತಾನೆ. ಸೂತ್ರದಲ್ಲಿ ತಪ್ಪಿಲ್ಲ. ಯಾವುದರ ವೇಗ, ಯಾವುದಕ್ಕೆ ಹೋಲಿಸಿದ ವೇಗ ಎಂಬುದನ್ನು ಅವನಿಗೆ ಯಾರೂ ಕೇಳಿರಲಿಲ್ಲ, ಅಷ್ಟೆ.

ವಿಮಾನವು ಹಾರುವುದು ನೆಲದ ಮೇಲಲ್ಲ, ಗಾಳಿಯೊಳಗೆ. ಹೊಳೆಯಲ್ಲಿ ಈಜುವವನ ಹಾಗೆ ಅದರ ಬಲವೆಲ್ಲ ಸುತ್ತಣ ಗಾಳಿಯನ್ನು ಕುರಿತದ್ದು. ಆ ಗಾಳಿಯೇ ಚಲಿಸುತ್ತಿದ್ದರೆ ಅದರೊಡನೆ ವಿಮಾನವೂ ಒಯ್ಯಲ್ಪಡುತ್ತದೆ. ನೆಲದಿಂದ ಒಂಬತ್ತು ಹತ್ತು ಕಿಲೋಮೀಟರಿನ ಮೇಲೆ, ಉತ್ತರದ ನಡು ಅಕ್ಷಾಂಶಗಳಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಬಲವಾದ ಗಾಳಿಯ ನದಿಗಳು ಹರಿಯುತ್ತವೆ. ಇವುಗಳಿಗೆ ಜೆಟ್ ಪ್ರವಾಹಗಳೆಂದು ಹೆಸರು. ಚಳಿಗಾಲದಲ್ಲಿ ಇವು ಗಂಟೆಗೆ 200, 300 ಕಿ.ಮೀ. ವೇಗವನ್ನೂ ಮುಟ್ಟುವುದುಂಟು. ಜಪಾನಿನ ಹವಾಶಾಸ್ತ್ರಜ್ಞ ಊಯಿಶಿ ವಾಸಬುರೊ 1920ರ ದಶಕದಲ್ಲಿ ಬಲೂನುಗಳನ್ನು ಹಾರಿಸಿ, ಅವುಗಳ ಓಟವನ್ನು ಗಮನಿಸಿ, ಈ ಗಾಳಿಯನ್ನು ಕಂಡುಹಿಡಿದರು. ಪ್ರಪಂಚವೆಲ್ಲ ಓದಲೆಂದು ತಮ್ಮ ವರದಿಯನ್ನು ಎಸ್ಪೆರಾಂಟೊ ಎಂಬ ಕೃತಕ ಭಾಷೆಯಲ್ಲಿ 1926ರಲ್ಲಿ ಪ್ರಕಟಿಸಿದರು. ಪಾಪ, ಪ್ರಪಂಚದಲ್ಲಿ ಆ ಭಾಷೆ ಬಲ್ಲವರೇ ವಿರಳ! ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ಮೇಲೆ ಎತ್ತರದಲ್ಲಿ ಹಾರಿದ ಅಮೆರಿಕದ ಬಾಂಬರುಗಳು ಈ ಗಾಳಿಗೆ ಸಿಕ್ಕಿ ಗುರಿ ತಪ್ಪಿದಾಗಲೇ ಬಹುಮಂದಿಗೆ ಇದರ ಅರಿವಾದದ್ದು. 2020ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಿಂದ ಲಂಡನ್ನಿಗೆ ಹೊರಟ ಬ್ರಿಟಿಷ್ ಏರ್‌ವೇಸ್‌ನ ವಿಮಾನವೊಂದು ಇಂತಹ ಗಾಳಿಯ ಬೆನ್ನೇರಿ 5 ಗಂಟೆಗೂ ಕಡಮೆ ಅವಧಿಯಲ್ಲಿ ಅಟ್ಲಾಂಟಿಕನ್ನು ದಾಟಿತು. ನೆಲಕ್ಕೆ ಹೋಲಿಸಿದರೆ ಅದರ ವೇಗ ಗಂಟೆಗೆ 1,300 ಕಿ.ಮೀ.ಯನ್ನು ಮೀರಿತ್ತು, ಆದರೂ ಸುತ್ತಣ ಗಾಳಿಗೆ ಹೋಲಿಸಿದರೆ ಅದು ಶಬ್ದದ ವೇಗವನ್ನು ದಾಟಿರಲಿಲ್ಲ.

ಇಲ್ಲಿ ಒಂದು ಸಂಶಯವನ್ನು ಪರಿಹರಿಸಲೇಬೇಕು; ಚುರುಕಾದ ಮಕ್ಕಳೇ ಇದನ್ನು ಹೆಚ್ಚಾಗಿ ಎತ್ತುತ್ತಾರೆ. ಭೂಮಿಯು ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತಿದೆ. ಹಾಗಿದ್ದಮೇಲೆ ಪಶ್ಚಿಮಕ್ಕೆ ಹಾರುವ ವಿಮಾನದ ಕೆಳಗೆ ಗುರಿಯೇ ಎದುರಾಗಿ ಓಡಿ ಬರಬೇಕಲ್ಲವೆ? ಬೆಂಗಳೂರಿನ ನೆಲವು ಗಂಟೆಗೆ 1,600 ಕಿ.ಮೀ.ಗಿಂತ ಹೆಚ್ಚಿನ ವೇಗದಿಂದ ಪೂರ್ವಕ್ಕೆ ಸಾಗುತ್ತಿರುವಾಗ ಸುಮ್ಮನೆ ಮೇಲೆದ್ದು ನಿಂತರೆ ಸಾಕಲ್ಲವೆ? ಪ್ರಶ್ನೆ ಒಳ್ಳೆಯದು, ನಗುವಂಥದ್ದಲ್ಲ. ಉತ್ತರವಿಷ್ಟು: ಭೂಮಿಯೊಡನೆ ಅದರ ವಾಯುಮಂಡಲವೂ ತಿರುಗುತ್ತಿದೆ, ನೆಲದಿಂದ ಎದ್ದ ವಿಮಾನವೂ ಆ ವೇಗವನ್ನು ಹೊತ್ತುಕೊಂಡೇ ಏಳುತ್ತದೆ. ಓಡುವ ರೈಲಿನೊಳಗೆ ಚೆಂಡನ್ನು ಮೇಲಕ್ಕೆಸೆದರೆ ಅದು ಹಿಂದಿನ ಡಬ್ಬಿಗೆ ಹೋಗಿ ಬೀಳುವುದಿಲ್ಲ. ಆದರೆ ಭೂಮಿಯ ತಿರುಗಾಟಕ್ಕೆ ಈ ಕತೆಯಲ್ಲಿ ಪಾತ್ರವೇ ಇಲ್ಲವೆಂದಲ್ಲ. ಸಮಭಾಜಕದ ಕಡೆಯ ಬಿಸಿಗಾಳಿಗೂ ಧ್ರುವದ ತಣ್ಣನೆಯ ಗಾಳಿಗೂ ಇರುವ ವ್ಯತ್ಯಾಸವು ಗಾಳಿಯನ್ನು ಹೊರಡಿಸುತ್ತದೆ. ಭೂಮಿಯ ತಿರುಗಾಟವು ಅದನ್ನು ಪೂರ್ವಕ್ಕೆ ಬಾಗಿಸುತ್ತದೆ. ಜೆಟ್ ಪ್ರವಾಹ ಹುಟ್ಟುವುದು ಹೀಗೆ.

ಈ ಗಾಳಿಯು ಹೋಗುವಾಗ ಕೊಟ್ಟದ್ದನ್ನು ಬರುವಾಗ ಕಿತ್ತುಕೊಳ್ಳುತ್ತದೆ, ಲೆಕ್ಕ ಸರಿಹೋಯಿತು ಎಂದು ಹೇಳುವವರಿದ್ದಾರೆ. ಸರಿಹೋಗುವುದಿಲ್ಲ. 14,000 ಕಿ.ಮೀ. ದೂರ, ಗಂಟೆಗೆ 900 ಕಿ.ಮೀ. ವೇಗ ಎಂದಿಟ್ಟುಕೊಳ್ಳಿ. ಗಾಳಿಯಿಲ್ಲದಿದ್ದರೆ ಒಂದು ಕಡೆಯ ಹಾರಾಟಕ್ಕೆ 15 ಗಂಟೆ 33 ನಿಮಿಷ. ಈಗ ದಾರಿಯುದ್ದಕ್ಕೂ ಗಂಟೆಗೆ 100 ಕಿ.ಮೀ. ಗಾಳಿ ಬೀಸುತ್ತಿದೆಯೆನ್ನಿ. ಬೆನ್ನಿಗೆ ಗಾಳಿಯಿದ್ದರೆ ವೇಗ 1,000. ಕಾಲ 14 ಗಂಟೆ. ಎದುರಿಗೆ ಗಾಳಿಯಿದ್ದರೆ ವೇಗ 800. ಕಾಲ ಹದಿನೇಳೂವರೆ ಗಂಟೆ. ಗಾಳಿ ಕೊಟ್ಟದ್ದು 1 ಗಂಟೆ 33 ನಿಮಿಷ, ಕಿತ್ತುಕೊಂಡದ್ದು 1 ಗಂಟೆ 57 ನಿಮಿಷ. ಎದುರುಗಾಳಿಯಲ್ಲಿ ವಿಮಾನವು ಹೆಚ್ಚು ಹೊತ್ತು ಸಿಕ್ಕಿಬಿದ್ದಿರುತ್ತದೆ. ಆದುದರಿಂದಲೇ ಈ ನಷ್ಟ. ಹೊಳೆಯಲ್ಲಿ ದೋಣಿ ಹುಟ್ಟುಹಾಕುವ ಲೆಕ್ಕಗಳನ್ನು ನಮ್ಮ ಗಣಿತ ಪುಸ್ತಕಗಳು ಇಂದಿಗೂ ಕೊಡುತ್ತವೆ. ಅದೇ ಲೆಕ್ಕ ತಮ್ಮ ತಲೆಯ ಮೇಲೆ ಪ್ರತಿದಿನ ಹಾರುತ್ತಿದೆಯೆಂದು ಮಕ್ಕಳಿಗೆ ಹೇಳುವವರು ಮಾತ್ರ ಕಡಮೆ.

ಗಾಳಿಯೊಂದನ್ನು ಗೆದ್ದರೆ ಮುಗಿಯಲಿಲ್ಲ. ನಮ್ಮ ದಾರವು ಟಿಬೆಟ್ಟಿನ ಮೇಲೆ ಹಾದುಹೋಯಿತಷ್ಟೆ. ವಿಮಾನಗಳು ಸಾಮಾನ್ಯವಾಗಿ ಆ ಪ್ರಸ್ಥಭೂಮಿಯ ಸಹವಾಸಕ್ಕೆ ಹೋಗುವುದಿಲ್ಲ. ಎತ್ತರದಲ್ಲಿ ಹಾರುವಾಗ ವಿಮಾನದೊಳಗಿನ ಗಾಳಿಯ ಒತ್ತಡ ಆಕಸ್ಮಿಕವಾಗಿ ಇಳಿದುಹೋದರೆ, ಪ್ರಯಾಣಿಕರ ಮುಖವಾಡಗಳಿಗೆ ಆಮ್ಲಜನಕ ದೊರೆಯುವುದು ಕೆಲವು ನಿಮಿಷಗಳ ಕಾಲ ಮಾತ್ರ. ಅಷ್ಟರೊಳಗೆ ವಿಮಾನವು ಸುಮಾರು 3 ಕಿ.ಮೀ. ಎತ್ತರಕ್ಕೆ ಇಳಿದು, ಉಸಿರಾಡಲು ಸಾಧ್ಯವಾದ ಗಾಳಿಯನ್ನು ಸೇರಬೇಕು. ಟಿಬೆಟ್ಟಿನ ನೆಲವೇ ನಾಲ್ಕೂವರೆ ಕಿಲೋಮೀಟರು ಎತ್ತರದಲ್ಲಿದ್ದರೆ ಇಳಿಯುವುದೆಲ್ಲಿಗೆ? ಇನ್ನು ಧ್ರುವದ ಕಡೆಗೆ ಹೋದರೆ ಚಳಿಯ ಕಾಟ. ಜೆಟ್ ವಿಮಾನಗಳ ಇಂಧನದಲ್ಲಿ ಒಂದು ಬಗೆಯದು ಸೊನ್ನೆಗಿಂತ 40 ಡಿಗ್ರಿ ಕೆಳಗೆ, ಮತ್ತೊಂದು 47 ಡಿಗ್ರಿ ಕೆಳಗೆ ಗಟ್ಟಿಯಾಗತೊಡಗುತ್ತದೆ. ಹೊರಗಣ ಗಾಳಿ ಅದಕ್ಕಿಂತಲೂ ತಣ್ಣಗಿರುವ ದಿನಗಳುಂಟು. ಎರಡೇ ಎಂಜಿನುಗಳ ವಿಮಾನವಾದರೆ, ಒಂದು ಕೆಟ್ಟಾಗ ನಿಗದಿಯಾದ ಅವಧಿಯೊಳಗೆ ಇಳಿಯಬಲ್ಲ ನಿಲ್ದಾಣವೊಂದು ದಾರಿಯುದ್ದಕ್ಕೂ ಹತ್ತಿರದಲ್ಲಿರಬೇಕೆಂಬ ಕಟ್ಟುಪಾಡು ಬೇರೆ.

ಪ್ರಕೃತಿಯ ತಡೆಗಳನ್ನು ದಾಟಿದರೂ ಮನುಷ್ಯನ ತಡೆಗಳು ಉಳಿಯುತ್ತವೆ. ಆಕಾಶದಲ್ಲಿ ಬೇಲಿಯಿಲ್ಲವೆಂಬುದು ಕವಿಗಳ ಮಾತು. ಪ್ರತಿಯೊಂದು ದೇಶಕ್ಕೂ ತನ್ನ ನೆಲದ ಮೇಲಣ ಆಕಾಶದ ಒಡೆತನವಿದೆ. ಸೋವಿಯತ್ ಒಕ್ಕೂಟದ ಆಕಾಶವು ಮುಚ್ಚಿದ್ದ ಕಾಲದಲ್ಲಿ ಯೂರೋಪಿನಿಂದ ಜಪಾನಿಗೆ ಹೋಗುವ ವಿಮಾನಗಳು ಉತ್ತರ ಧ್ರುವದ ಕಡೆಯಿಂದ ಸುತ್ತಿ, ಅಲಾಸ್ಕದ ಆಂಕರೇಜಿನಲ್ಲಿ ಇಂಧನ ತುಂಬಿಕೊಂಡು ಹೋಗುತ್ತಿದ್ದವು; ಸ್ಕ್ಯಾಂಡಿನೇವಿಯದ ವಿಮಾನ ಸಂಸ್ಥೆ 1957ರಲ್ಲಿ ಕೋಪನ್‌ಹೇಗನ್ನಿನಿಂದ ಟೋಕಿಯೊಗೆ ಈ ದಾರಿಯನ್ನು ತೆರೆಯಿತು. ಆಮೇಲೆ ಸೈಬೀರಿಯದ ದಾರಿ ತೆರೆಯಿತು, ಆಂಕರೇಜಿನ ನಿಲ್ದಾಣದ ಸಂದಣಿ ಕರಗಿತು. 2022ರಲ್ಲಿ ಯುಕ್ರೇನಿನ ಯುದ್ಧ ಆರಂಭವಾದೊಡನೆ ಅನೇಕ ದೇಶಗಳ ವಿಮಾನಗಳಿಗೆ ಅದು ಮತ್ತೆ ಮುಚ್ಚಿತು. ಫಿನ್‌ಲೆಂಡಿನ ಹೆಲ್ಸಿಂಕಿಯಿಂದ ಟೋಕಿಯೊಗೆ ಒಂಬತ್ತೂವರೆ ಗಂಟೆಯಷ್ಟಿದ್ದ ಪ್ರಯಾಣವು 13 ಗಂಟೆಯ ಸುಮಾರಿಗೆ ಏರಿತು. 2025ರ ಏಪ್ರಿಲಿನಲ್ಲಿ ಪಾಕಿಸ್ತಾನವು ಭಾರತದ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿದಾಗ, ದೆಹಲಿಯಿಂದ ಉತ್ತರ ಅಮೆರಿಕಕ್ಕೆ ನೇರವಾಗಿ ಹೋಗುತ್ತಿದ್ದ ಕೆಲವು ವಿಮಾನಗಳು ಯೂರೋಪಿನಲ್ಲಿ ಇಳಿದು ಇಂಧನ ತುಂಬಿಕೊಳ್ಳಬೇಕಾಯಿತು. ಹೆಲ್ಸಿಂಕಿಯೂ ಟೋಕಿಯೊವೂ ದೆಹಲಿಯೂ ಒಂದಂಗುಲವೂ ಕದಲಿರಲಿಲ್ಲ.

ವಿಜ್ಞಾನ ಇಷ್ಟೊಂದು ಮುಂದುವರಿದಿರುವಾಗ ವಿಮಾನದ ವೇಗವನ್ನೇ ಹೆಚ್ಚಿಸಬಾರದೇಕೆ ಎಂದು ಕೇಳಬಹುದು. ಬೋಯಿಂಗ್ 707 ವಿಮಾನವು ಪ್ರಯಾಣಿಕರ ಸೇವೆಗೆ ಬಂದದ್ದು 1958ರಲ್ಲಿ. ಅದು ಗಂಟೆಗೆ ಸುಮಾರು 900 ಕಿ.ಮೀ. ವೇಗದಲ್ಲಿ ಹಾರುತ್ತಿತ್ತು. ಇಂದಿನ ಹೊಚ್ಚಹೊಸ ವಿಮಾನವೂ ಹೆಚ್ಚುಕಡಮೆ ಅಷ್ಟೇ ವೇಗದಲ್ಲಿ ಹಾರುತ್ತದೆ. ಶಬ್ದದ ವೇಗವನ್ನು ಸಮೀಪಿಸಿದಂತೆ ಗಾಳಿಯ ಪ್ರತಿರೋಧವು ಥಟ್ಟನೆ ಏರುತ್ತದೆ, ಇಂಧನದ ಖರ್ಚು ಮಿತಿಮೀರುತ್ತದೆ. ಶಬ್ದಕ್ಕಿಂತ ಇಮ್ಮಡಿ ವೇಗದ ಕಾಂಕಾರ್ಡ್ ವಿಮಾನ 1976ರಿಂದ ಪ್ರಯಾಣಿಕರನ್ನು ಹೊತ್ತು, 2003ರಲ್ಲಿ ರೆಕ್ಕೆ ಮಡಿಸಿತು. ಆರು ದಶಕಗಳಲ್ಲಿ ದೂರದ ಪ್ರಯಾಣಗಳ ಅವಧಿ ಇಳಿದದ್ದು ವೇಗ ಹೆಚ್ಚಿದ್ದರಿಂದಲ್ಲ, ನಡುವೆ ಇಳಿಯುವುದು ತಪ್ಪಿದ್ದರಿಂದ. ಒಮ್ಮೆ ಇಳಿದು, ಕಾದು, ಮತ್ತೆ ಏರುವುದರಲ್ಲಿ ಮೂರು ನಾಲ್ಕು ಗಂಟೆ ಸುಲಭವಾಗಿ ಕಳೆಯುತ್ತದೆ. ಇಳಿಯದೆ ಹಾರಬೇಕಾದರೆ ಮಾತ್ರ ಇಂಧನವನ್ನೆಲ್ಲ ಹೊತ್ತೇ ಏಳಬೇಕು. 2021ರಲ್ಲಿ ಬೆಂಗಳೂರಿಗೆ ಬಂದ ಆ ಜಾತಿಯ ವಿಮಾನವು ಸುಮಾರು 1,80,000 ಲೀಟರು ಇಂಧನವನ್ನು ಹೊರಬಲ್ಲದು. ತುಂಬಿದ ವಿಮಾನದ ತೂಕದಲ್ಲಿ ಐದರಲ್ಲಿ ಎರಡು ಪಾಲು ಇಂಧನವೇ. ಮೊದಲ ಗಂಟೆಗಳಲ್ಲಿ ಉರಿಯುವ ಇಂಧನದ ಒಂದು ಭಾಗ ಕೊನೆಯ ಗಂಟೆಗಳ ಇಂಧನವನ್ನು ಹೊರುವುದಕ್ಕೇ ವೆಚ್ಚವಾಗುತ್ತದೆ. ಭೂಮಿಯ ಬಿಸಿಯೇರುತ್ತಿರುವ ಈ ಕಾಲದಲ್ಲಿ ಇದು ಹಗುರವಾದ ಸಂಗತಿಯಲ್ಲ. ಟಿಕೆಟಿನ ಮೇಲೆ ಗಂಟೆಗಳನ್ನು ಅಚ್ಚುಮಾಡುವವರು ಟನ್ನುಗಳನ್ನೂ ಅಚ್ಚುಮಾಡಲೆಂದು ನಾನು ಬಯಸುತ್ತೇನೆ.

ಗಡಿಯಾರದ ಮಾತನ್ನು ಹೇಳದಿದ್ದರೆ ವಿದ್ಯಾರ್ಥಿಗಳು ಬಿಡುವುದಿಲ್ಲ. ಚಳಿಗಾಲದಲ್ಲಿ ನಮ್ಮ ಗಡಿಯಾರವು ಸ್ಯಾನ್ ಫ್ರಾನ್ಸಿಸ್ಕೋವಿನ ಗಡಿಯಾರಕ್ಕಿಂತ ಹದಿಮೂರೂವರೆ ಗಂಟೆ ಮುಂದಿರುತ್ತದೆ. ಬೆಂಗಳೂರನ್ನು ಮಧ್ಯಾಹ್ನ 2 ಗಂಟೆಗೆ ಬಿಟ್ಟು 16 ಗಂಟೆ ಹಾರಿದವನು ಅಲ್ಲಿ ಅದೇ ದಿನ ಸಂಜೆ ನಾಲ್ಕೂವರೆಗೆ ಇಳಿಯುತ್ತಾನೆ. ಎರಡೂವರೆ ಗಂಟೆಯಲ್ಲಿ ಪ್ರಪಂಚದ ಮೂರನೆಯ ಒಂದು ಭಾಗವನ್ನು ಸುತ್ತಿದಂತೆ ಕಾಣುತ್ತದೆ. ಮರಳಿ ಬರುವಾಗ ಪಂಚಾಂಗವು ಆ ಸಾಲವನ್ನು ಬಡ್ಡಿಯಿಲ್ಲದೆ ವಸೂಲು ಮಾಡುತ್ತದೆ. ಅಂದಹಾಗೆ, ತೀರ್ಥಹಳ್ಳಿಯಿಂದ ಹೊರಟವನಿಗೆ ಬೆಂಗಳೂರಿನ ನಿಲ್ದಾಣವನ್ನು ಸೇರುವುದೇ ಒಂದು ರಾತ್ರಿಯ ಪ್ರಯಾಣ. ಅದಕ್ಕೆ ಯಾವ ಮಹಾವೃತ್ತವೂ ನೆರವಾಗದು.

ಇನ್ನು ನನ್ನ ವಾದಕ್ಕೆ ಬರುತ್ತೇನೆ. ಯಂತ್ರವು ಉತ್ತರವನ್ನು ಕೊಡುತ್ತಿರುವಾಗ ದಾರ ಹಿಡಿದು ಅಳೆಯುವ ಶ್ರಮವೇಕೆ ಎಂದು ಕೆಲವರು ಆಕ್ಷೇಪಿಸುತ್ತಾರೆ. ಯಂತ್ರವು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತದೆ. 14,000 ಎಂಬ ಅಂಕಿಯನ್ನು ಪಡೆದವನಿಗೆ ತನ್ನ ವಿಮಾನ ಉತ್ತರಕ್ಕೆ ಹೊರಡುವುದೇಕೆಂಬ ಪ್ರಶ್ನೆ ಹುಟ್ಟುವುದಿಲ್ಲ. ದಾರವನ್ನು ಎಳೆದವನಿಗೆ ಅದು ಹುಟ್ಟದೆ ಇರುವುದಿಲ್ಲ. ಉತ್ತರಕ್ಕೆ ಹೊರಟ ದಾರ ಟಿಬೆಟ್ಟನ್ನು ದಾಟುವುದನ್ನು ಕಂಡವನು ಪರ್ವತಗಳನ್ನು ಕುರಿತು ಕೇಳುತ್ತಾನೆ, ಸೈಬೀರಿಯವನ್ನು ದಾಟುವುದನ್ನು ಕಂಡವನು ರಷ್ಯವನ್ನು ಕುರಿತು ಕೇಳುತ್ತಾನೆ. ಇನ್ನು ಕೆಲವರದು ಬೇರೆ ಆಕ್ಷೇಪ: ನಮ್ಮ ಹಳ್ಳಿಯ ಮಕ್ಕಳಲ್ಲಿ ವಿಮಾನ ಹತ್ತುವವರು ಎಷ್ಟು ಮಂದಿ, ಅವರಿಗೆ ಈ ಲೆಕ್ಕವೇಕೆ ಎಂದು. ಈ ಮಾತು ನನಗೆ ಒಪ್ಪಿಗೆಯಿಲ್ಲ. ಗ್ರಹಣದ ಲೆಕ್ಕವನ್ನು ಕಲಿಯುವವರು ಚಂದ್ರನಿಗೆ ಹೋಗುವವರಲ್ಲ. ವಿಮಾನ ಹತ್ತದವನಿಗೂ ತಾನು ಗೋಲದ ಮೇಲೆ ಬಾಳುತ್ತಿದ್ದೇನೆಂಬುದು ಬಾಯಿಪಾಠದ ಮಾತಾಗದೆ ಅನುಭವದ ಮಾತಾಗಬೇಡವೆ?

ಆದುದರಿಂದ ಪ್ರತಿಯೊಂದು ಪ್ರೌಢಶಾಲೆಯಲ್ಲಿಯೂ ಗ್ಲೋಬು ಮಕ್ಕಳ ಕೈಗೆ ಸಿಗುವ ಹಾಗಿರಬೇಕೆಂದೂ, ಒಂಬತ್ತನೆಯ ತರಗತಿಯಲ್ಲಿ ಎರಡು ವಿಮಾನ ನಿಲ್ದಾಣಗಳ ನಡುವಣ ದೂರವನ್ನು ಭೂಗೋಳದ ಅಧ್ಯಾಪಕರೂ ಗಣಿತದ ಅಧ್ಯಾಪಕರೂ ಒಂದೇ ಪಾಠದಲ್ಲಿ ಕೂಡಿ ಮಾಡಿಸಬೇಕೆಂದೂ ನಾನು ಸೂಚಿಸುತ್ತೇನೆ. ನಾನು ಕಂಡ ಎಷ್ಟೋ ಶಾಲೆಗಳಲ್ಲಿ ಗ್ಲೋಬು ಇದೆ. ಆದರೆ ಅದು ಮುಖ್ಯೋಪಾಧ್ಯಾಯರ ಕೊಠಡಿಯ ಬೀರುವಿನ ಮೇಲೆ ಧೂಳು ಹೊದ್ದು ಕುಳಿತಿದೆ, ಮಕ್ಕಳು ಮುಟ್ಟಿದರೆ ಮುರಿದೀತೆಂಬ ಭಯದಿಂದ. ಮುರಿಯಲಿ. ವರ್ಷಕ್ಕೊಂದು ಗ್ಲೋಬು ಮುರಿಯುವ ಶಾಲೆಯಲ್ಲಿ ಪಾಠ ನಡೆಯುತ್ತಿದೆಯೆಂದು ತಿಳಿಯಬಹುದು.

ಗ್ಲೋಬಿಲ್ಲದ ಶಾಲೆಗೆ ಕುಂಬಾರನ ಮಡಕೆಯೂ ಸಾಕು. ಆದಷ್ಟು ದುಂಡಗಿನ ಮಡಕೆಯನ್ನು ಬೋರಲು ಹಾಕಿ, ತಳದ ನಡುವೆ ಸುಣ್ಣದ ಚುಕ್ಕೆಯಿಟ್ಟರೆ ಅದೇ ಉತ್ತರ ಧ್ರುವ. ಹೊಟ್ಟೆಯ ಅತಿ ಅಗಲವಾದ ಭಾಗದ ಸುತ್ತ ಗೆರೆ ಎಳೆದರೆ ಅದೇ ಸಮಭಾಜಕ. ನಡುವಣ ಅಂತರವನ್ನು ದಾರದಿಂದ ಒಂಬತ್ತು ಸಮಪಾಲು ಮಾಡಿದರೆ ಹತ್ತು ಹತ್ತು ಡಿಗ್ರಿಗಳ ಅಕ್ಷಾಂಶಗಳು ದೊರೆಯುತ್ತವೆ. ಸಮಭಾಜಕವನ್ನು ಮೂವತ್ತಾರು ಪಾಲು ಮಾಡಿದರೆ ರೇಖಾಂಶಗಳು. ಬೆಂಗಳೂರನ್ನೂ ಸ್ಯಾನ್ ಫ್ರಾನ್ಸಿಸ್ಕೋವನ್ನೂ ಗುರುತಿಸಿ ದಾರವನ್ನು ಎಳೆದು ನೋಡಬಹುದು. ಅದಾದಮೇಲೆ ಗ್ಲೋಬು ಸಿಕ್ಕಿದವರು ಇನ್ನೊಂದು ಪ್ರಯೋಗವನ್ನು ಮಾಡಲಿ. ಪೆರು ದೇಶದ ಪಶ್ಚಿಮಕ್ಕೆ, ಈಸ್ಟರ್ ದ್ವೀಪದ ಉತ್ತರಕ್ಕೆ, ಶಾಂತಸಾಗರದ ನಡುವೆ ದಕ್ಷಿಣ ಅಕ್ಷಾಂಶ 13.2, ಪಶ್ಚಿಮ ರೇಖಾಂಶ 102.3 ಎಂಬಲ್ಲಿ ಒಂದು ಚುಕ್ಕೆಯನ್ನಿಟ್ಟು ಬೆಂಗಳೂರಿನಿಂದ ಅಲ್ಲಿಗೆ ದಾರವನ್ನು ಬಿಗಿಯಾಗಿ ಎಳೆಯಲಿ. ಆಸ್ಟ್ರೇಲಿಯದ ಕಡೆಯಿಂದ ಎಳೆದರೂ, ಆಫ್ರಿಕದ ಕಡೆಯಿಂದ ಎಳೆದರೂ, ಧ್ರುವದ ಮೇಲಿಂದ ಎಳೆದರೂ ದಾರದ ಉದ್ದ ಒಂದೇ ಬರುತ್ತದೆ: ಸುಮಾರು 47 ಸೆಂಟಿಮೀಟರು, ಅಂದರೆ 20,000 ಕಿ.ಮೀ. ಹೀಗೇಕೆಂಬುದನ್ನು ಅವರೇ ಯೋಚಿಸಲಿ.